ಮೊಮ್ಮಗಳಿಗೆ ನಾ ಆರಿಸಿಕೊಟ್ಟ ಚೀನೀ ಸಾಲಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲೂಕದಾಗ ಚೀನಾ ದೇಶದ ಮನುಷ್ಯಾನ ಜೋಡಿ ಒಂದೇ ಗಂಗಾಳದಾಗ ಉಂಡಾವ, ಅವನ ಭಾಷಾ ಅವನಿಗೇ ತಿರುಗಿ ಹೇಳಿ ಅವನ್ನ ಬೆವರಿಸಿದಾವ ಅಂದ್ರ ನಾ ಒಬ್ಬನೇ. ಕಣ್ಣಾರೆ ನೋಡಿದವರು ನಾಕು ಮಂದಿ ಇದ್ದರು. ಒಬ್ಬಾಕಿ ನನ್ನ ಹೆಂಡತಿ, ಆಕಿ ಹೋಗಿ ಒಂದೂವರಿ ವರ್ಷ ಆತು. ಇನ್ನೊಬ್ಬ ನಾ ದುಡಿತಿದ್ದ ಶೆಡ್ಡಿನ ಮಾಲಕ, ಅವನೂ ಹೋದ. ಮೂರನೇದಾವ ವಾಚಮನ್. ನಾಕನೇದು ಅವನ ನಾಯಿ. ಯಾರಿಗೆ ಸಂಶೆ ಐತಿ ಅವರು ಆ ಹೋದವರ ಕಡೆಗೇ ಹೋಗಿ ಕೇಳಿ ಬರಬಹುದು, ನಂದೇನು ತಕರಾರಿಲ್ಲ.

ಇಂಥಾ ಪ್ರಸಂಗ ನನ್ನ ಬೆನ್ನು ಬಿಡೋದೇ ಇಲ್ಲ. ಸುಮ್ಮನೆ ಕುಂತರೂ ಏನರೆ ಒಂದು ಬಂದು ನನ್ನ ಬಾಜೂಕ ಕುಂಡರತೈತಿ. ನಾ ಸಾಲಿ ಕಟ್ಟಿ ಹತ್ತಿದಾವಲ್ಲ. ನನಗ ಅಕ್ಷರ ಕಲಿಸಿದಾಕಿ ನನ್ನ ಮೊಮ್ಮಗಳು, ಆಕಿ ಒಂದನೇತ್ತೆ ಇದ್ದಾಗ. ಊರಾಗ ಮಾತ್ರ ನಾನೇ ಆಕಿಗೆ ಕಲಿಸಿದೆ ಅಂತ ಹೇಳಿಟ್ಟೀನಿ. ಆ ಮೊಮ್ಮಗಳು ದೊಡ್ಡಾಕಿ ಆಗಿ ಚೀನೀ ಭಾಷೆಯ ತುದಿ ಮುಟ್ಟತೀನಿ ಅಂತ ಹಟ ಹಿಡಿದಳು. ಯಾವ ಯುನಿವರ್ಸಿಟಿ, ಯಾವ ಕೋರ್ಸು ಅನ್ನೋ ಪ್ರಶ್ನೆ ನಮ್ಮ ಮನಿ ಪಡಸಾಲಿಯಾಗ ಬಂದು ಕುಂತಿತು. ಅದನ್ನ ಬಗೆಹರಿಸಿದಾವ ನಾನು. ನಗೂ ಪ್ರಸಂಗ ಅಂತ ತಿಳಿದು ಓದ್ರಿ. ನಡುವ ಎಲ್ಲೆರೆ ನಗು ನಿಂತರ ನನ್ನ ಬೈಯಬ್ಯಾಡ್ರಿ.

ಫೋನಿನ ಕನ್ನಡ

ನಮ್ಮೂರು ಅಥಣಿಗೂ ಕಾಗವಾಡಕ್ಕೂ ನಡುವ. ದ್ರಾಕ್ಷಿ ಬೆಳೀತೀವಿ, ಒಣಗಿಸಿ ಮಣೂಕ ಮಾಡತೀವಿ. ಊರ ಹೊರಗಿನ ಮಣೂಕ ಶೆಡ್ಡಿನ್ಯಾಗ ನಾ ಮುಕಾದಮ ಇದ್ದೆ. ಕೈಯಾಗ ಮೂವತ್ತು ಹೆಣ್ಣಾಳು. ಮಣೂಕ ಕಡ್ಡಿ ಬಿಡಿಸಿ, ಸಣ್ಣದು ದೊಡ್ಡದು ಬ್ಯಾರೆ ಮಾಡೋದು ಅವರ ಕೆಲಸ, ಅವರಿಗೆ ಕಥೀ ಹೇಳೋದು ನನ್ನ ಕೆಲಸ. ಹನ್ನೆರಡು ವರ್ಷದ ಹಿಂದ ಮಾಲಕ ಚೀನಾದಿಂದ ಒಂದು ಮಶೀನು ತರಿಸಿದ. ಅದನ್ನ ಜೋಡಸಾಕ ಡಬ್ಬಿ ಜೋಡಿ ಒಬ್ಬ ಫಿಟ್ಟರೂ ಬಂದ. ತೆಳ್ಳನ್ನ ಮನುಷ್ಯಾ, ನಡುಪ್ರಾಯ, ಕಾಲಾಗ ಕ್ಯಾನ್‌ವಾಸ್ ಬೂಟು. ಒಂಬತ್ತು ದಿನ ಇದ್ದ.

ಅವನ ಕಡೆ ಒಂದು ಫೋನು. ಅವ ಚೀನೀದಾಗ ಅದಕ್ಕ ಹೇಳಬೇಕು, ಅದು ನಮಗ ಕನ್ನಡದಾಗ ಹೇಳತೈತಿ. ಮೊದಲನೇ ದಿನ ಹೆಣ್ಣಾಳು ಎಲ್ಲಾರೂ ಸುತ್ತ ನಿಂತರು. ಅವ ಏನೋ ಒದರಿದ. ಫೋನು ಗಂಟಲು ಸರಿ ಮಾಡಿಕೊಂಡಂಗ ಮಾಡಿ ಅಂತು, “ದಯವಿಟ್ಟು ಈ ಭಾಗದಲ್ಲಿ ತಮ್ಮ ಹಸ್ತವನ್ನು ಇರಿಸಬೇಡಿ. ಅಪಾಯ ಸಂಭವಿಸುವ ಸಾಧ್ಯತೆ ಇರುತ್ತದೆ.”

ಹೆಣ್ಣಾಳು ಮಾರಿ ಮಾರಿ ನೋಡಿಕೊಂಡರು. ಹಿಂದಿನಿಂದ ಒಬ್ಬ ಮುದುಕಿ ಅಂದಳು, “ಯಾರರೆ ಕನ್ನಡದಾಗ ಹೇಳ್ರೆವಾ.”

ಮೂರನೇ ದಿನದ ಹೊತ್ತಿಗೆ ಅವ ಫೋನು ಕಿಸೇದಾಗ ಇಟ್ಟ. ಅವನ ಕೈ ನೋಡಿದ್ರ ಎಲ್ಲಾರಿಗೂ ತಿಳೀತಿತ್ತು. ಮಧ್ಯಾಹ್ನ ನನ್ನ ಹೆಂಡತಿ ರೊಟ್ಟಿ ಗಂಟು ಹೊತ್ತು ಬರತಿದ್ದಳು, ಬೆನ್ನಿಗೆ ಮೊಮ್ಮಗಳು. ಆಗ ಹತ್ತು ವರ್ಷದಾಕಿ. ಅವ ಮಣೂಕ ತುಂಬೋ ರಟ್ಟಿನ ಡಬ್ಬಿ ಮ್ಯಾಲೆ ಎರಡೇ ಗೀಟು ಎಳೆದು ತೋರಿಸಿದ, ಧೋತರ ಉಟ್ಟು ಕಾಲು ಅಗಲಿಸಿ ನಿಂತಾವನ್ಹಂಗ. ಮನುಷ್ಯಾ ಅಂತ ಅದರ ಅರ್ಥ. ಹುಡುಗಿ ಆ ರಟ್ಟು ಹರಕೊಂಡು ಮನಿಗೆ ತಂದಳು. ಮರದಿನ ಮತ್ತೊಂದು, ಅದರ ಮರದಿನ ಇನ್ನೆರಡು. ಒಂಬತ್ತು ದಿನದಾಗ ಶೆಡ್ಡಿನ್ಯಾಗ ಮಣೂಕ ತುಂಬಾಕ ನೆಟ್ಟಗಿನ ಡಬ್ಬಿ ಉಳಿಲಿಲ್ಲ.

ಹೋಗೋ ದಿನ ಅವ ನನ್ನ ಹೆಂಡತಿ ಮುಂದ ನಿಂತು ಫೋನಿಗೆ ಏನೋ ಹೇಳಿದ. ಫೋನು ಅಂತು, “ತಮ್ಮ ಆತಿಥ್ಯಕ್ಕೆ ನಾನು ಚಿರಋಣಿಯಾಗಿರುತ್ತೇನೆ.”

“ಏನಂತ?” ಅಂತ ಆಕಿ ನನ್ನ ಕೇಳಿದಳು. ನನಗೂ ತಿಳಿದಿರಲಿಲ್ಲ. ಆದ್ರ ಚೀನೀ ಬಲ್ಲಾವ ಅಂತ ಮೂವತ್ತು ಹೆಣ್ಣಾಳ ಮುಂದ ಹೇಳಿಕೊಂಡಾವ ನಾ.

“ಇನ್ನೊಂದೆರಡು ರೊಟ್ಟಿ ಬೇಕಂತ” ಅಂದೆ.

ಆಕಿ ಮನಿಗೆ ಓಡಿ ಹೋಗಿ ಇಪ್ಪತ್ತು ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಕಟ್ಟಿ ತಂದಳು. ಪಾಪ, ಅವ ಬ್ಯಾಡನ್ನಾಕ ಮತ್ತ ಫೋನು ತಗದ. ನಾ ಅದನ್ನ ಕಸಕೊಂಡು ಅವನ ಕಿಸೇದಾಗ ಇಟ್ಟೆ.

ನಮ್ಮವ್ವನ ಯುನಿವರ್ಸಿಟಿ

ಮೊಮ್ಮಗಳ ವಿಷಯಕ್ಕ ಬರೋದಕ್ಕಿಂತ ಮೊದಲ ಆಕಿ ಅಜ್ಜಿ ಓದಿದ ಯುನಿವರ್ಸಿಟಿ ಹೇಳಬೇಕು. ಅದು ನಮ್ಮ ಅಡಿಗಿಮನಿ. ಮಾಸ್ತರು ನಮ್ಮವ್ವ.

ನನ್ನ ಹೆಂಡತಿ ಗಡಿ ಆಚೆ ಮಿರಜ ಕಡೆಯಾಕಿ. ಲಗ್ನ ಆಗಿ ಬಂದಾಗ ಒಂದು ಅಕ್ಷರ ಕನ್ನಡ ಬರತಿರಲಿಲ್ಲ. ನಮ್ಮ ಕಡೆ ಇದೇನು ಹೊಸಾದಲ್ಲ. ಹೆಣ್ಣು ಅತ್ತಾಗಿಂದ ಇತ್ತಾಗ ಬರತಾವ, ಇತ್ತಾಗಿಂದ ಅತ್ತಾಗ ಹೋಗತಾವ, ಪ್ಯಾಟಿಯಾಗ ಎಲ್ಲಾರೂ ಕನ್ನಡ ಮರಾಠಿ ಎರಡೂ ಮಾತಾಡತಾರ. ಆದ್ರ ನಮ್ಮವ್ವ ಕಾಯ್ದೆ ಮಾಡಿದ್ದಳು. ಸೊಸಿ ಹೊಸ್ತಿಲಾ ದಾಟಿದ ದಿನದಿಂದ ಆರು ತಿಂಗಳು ಮನಿಯಾಗ ಯಾರೂ ಆಕಿ ಜೋಡಿ ಮರಾಠಿ ಆಡಬಾರದು, ಗಂಡ ಸೈತ. ನೀರು ಬೇಕಂದ್ರ ನೀರು ಅನ್ನಬೇಕು. ಪಾಣಿ ಅಂದ್ರ ಬಾಯಿ ಒಣಗಿಸಿಕೊಂಡು ಕುಂಡರಬೇಕು.

ನನ್ನ ಹೆಂಡತಿ ಮೊದಲಿನ ತಿಂಗಳು ಬರೇ ಅತ್ತಳು. ಎರಡನೇ ತಿಂಗಳು ಕೈ ಸನ್ನಿ ಮಾಡಿದಳು. ನಾ ದನದ ಕೊಟ್ಟಿಗಿಯಾಗ ಆಕಿ ಜೋಡಿ ಕದ್ದು ಎರಡು ಮಾತು ಮರಾಠಿ ಆಡಿದೆ. ನಮ್ಮವ್ವನ ಕಿವಿ ಎಂಥಾವಂದ್ರ ನಿಪ್ಪಾಣಿ ಪ್ಯಾಟಿಯಾಗ ತಂಬಾಕ ಸವಾಲು ಕೂಗಿದ್ರ ನಮ್ಮೂರಾಗ ಕುಂತು ಕೇಳಾಕಿ. ಮರದಿನದಿಂದ ನನ್ನ ಊಟ ಹೊರಗ ಕಟ್ಟಿ ಮ್ಯಾಲೆ.

ಐದನೇ ತಿಂಗಳು. ನಾ ನಿಪ್ಪಾಣಿ ಸಂತಿಗೆ ಹೋಗಿದ್ದೆ. ಹೆಂಡತಿ ಹಸಿರು ಬಳಿ ತಾ ಅಂತ ಕೈ ತೋರಿಸಿ ಹೇಳಿದ್ದಳು, ನಾ ಮರತು ಬಂದೆ. ಬಂದು ಏನು ಹೇಳಬೇಕು? ಬಸ್ಸು ವೇದಗಂಗಾ ನದಿ ಕಡೆ ಪಲ್ಟಿ ಆತು, ಹನ್ನೊಂದು ಮಂದಿನ್ನ ನಾನೇ ಖಿಡಕಿಯಿಂದ ಜಗ್ಗಿದೆ, ಬಳಿ ಆ ಗದ್ದಲದಾಗ ಒಡದವು ಅಂದೆ.

ಆಕಿ ನನ್ನ ಮ್ಯಾಲಿಂದ ಕೆಳಗ ಒಮ್ಮೆ ನೋಡಿದಳು. ಆಮ್ಯಾಲೆ ಒಂದೇ ಉಸುರಿಗೆ ಅಂದಳು, “ನಿನ್ನ ನಾಲಿಗಿಗೆ ಎಲುಬಿಲ್ಲ. ಬಸ್ಸು ಪಲ್ಟಿ ಆಗಿದ್ರ ರುಮಾಲಿನ ಮ್ಯಾಲೆ ಧೂಳರೆ ಇರಬೇಕಿಲ್ಲೋ? ಹನ್ನೊಂದು ಮಂದಿನ್ನ ಎತ್ತಿದಾವಗ ನನ್ನ ಎರಡು ಡಜನ್ ಬಳಿ ಎತ್ತಾಕ ಆಗಲಿಲ್ಲೇನು?”

ಒಂದು ಮಾತು ತಪ್ಪಿರಲಿಲ್ಲ. ನಮ್ಮವ್ವ ಒಳಗಿಂದ ಸಕ್ರಿ ಡಬ್ಬಿ ಹಿಡಕೊಂಡು ಬಂದು ಆಕಿ ಬಾಯಾಗ ಒಂದು ಚಿಮಟಿ ಹಾಕಿದಳು. “ಪಾಸಾದಿ” ಅಂದಳು, ಅದೂ ಮರಾಠಿಯಾಗ. ಅಂದಿಗೆ ನನಗ ಗೊತ್ತಾತು, ನಮ್ಮವ್ವನೂ ಆಚೆ ಕಡೆಯಾಕಿನೇ, ತನ್ನ ಅತ್ತಿ ಕಡೆ ಹಿಂಗೇ ಕಲಿತಾಕಿ. ಅಂದಿನಿಂದ ಇಬ್ಬರೂ ಅಡಿಗಿಮನಿಯಾಗ ಕುಂತು ಒಂದೇ ಸವನ ಮರಾಠಿಯಾಗ ನನ್ನ ಬೈಯಾಕತ್ತಿದರು. ಕಟ್ಟಿ ಮ್ಯಾಲಿನ ಊಟ ಮಾತ್ರ ನನಗ ತಪ್ಪಲಿಲ್ಲ.

ತಿರುಗಿ ಹೋದ ಮಾತು

ಮೊಮ್ಮಗಳು ಪುಣೇದಾಗ ಡಿಗ್ರಿ ಓದುತಾ ಚೀನೀ ಕಲಿತಳು. ಅದರ ಪರೀಕ್ಷೆಗೆ ಮೆಟ್ಟಲಾ ಮೆಟ್ಟಲಾ ಅದಾವಂತ, ನಾಕು ಹತ್ತಿದಳು. ಸೂಟಿಗೆ ಬಂದ್ರ ಮನಿ ತುಂಬಾ ಚೀಟಿ ಅಂಟಸತಿದ್ದಳು. ಕೊಡಕ್ಕೊಂದು, ಕದಕ್ಕೊಂದು, ಬೀಸೂ ಕಲ್ಲಿಗೊಂದು. ಎಮ್ಮಿ ಕೊಂಬಿಗೂ ಒಂದು ಇತ್ತು, ಎಮ್ಮಿ ಅದನ್ನ ತಿಂತು. ಅಜ್ಜಿ ರೊಟ್ಟಿ ಬಡಿಯೋದ್ರಾಗ ಎಲ್ಲಾ ಓದಿಸಿಕೊಂಡು ಕೇಳತಿದ್ದಳು. ನನ್ನ ಬೆನ್ನಿಗೂ ಒಂದು ಚೀಟಿ ಅಂಟಿಸಿದ್ದರು. ಅದರ ಅರ್ಥ ಇಬ್ಬರೂ ಹೇಳಲಿಲ್ಲ.

ಒಂದು ಮುಂಜಾನಿ ನನ್ನ ಹೆಂಡತಿ ಒಲಿ ಮುಂದ ಬಿದ್ದಳು. ದವಾಖಾನಿಗೆ ಒಯ್ದಿವಿ. ಮೂರನೇ ದಿನ ಕಣ್ಣು ತೆರೆದಳು. ಮಾತೂ ಬಂತು. ಆದ್ರ ಬಂದದ್ದು ಬರೇ ಮರಾಠಿ, ಅದೂ ಲಗ್ನಕ್ಕಿಂತ ಮುಂಚಿನ ಹುಡುಗಿ ಮರಾಠಿ. ನಮ್ಮ ಮನಿಯಾಗ ಐವತ್ತು ವರ್ಷ ಆಡಿದ ಕನ್ನಡ ಒಂದು ತುಣುಕು ಉಳಿದಿರಲಿಲ್ಲ. ಕೆಲವೊಬ್ಬರಿಗೆ ಹಿಂದಿಂದ ಕಲಿತದ್ದು ಮೊದಲ ಹೋಗತೈತಿ ಅಂತ ಡಾಕ್ಟರು ಹೇಳಿದರು.

ನಾ ಮಂಚದ ಬಾಜೂಕ ನಿಂತಿದ್ದೆ. ಆಕಿ ಮಗನ್ನ ಕೇಳಿದಳು, “ಹೇ ಕೋಣ ಆಹೇತ?” ಇವರು ಯಾರು ಅಂತ.

ಮಗ ತಲಿ ತಗ್ಗಿಸಿದ. ಅವನೂ ಮರಾಠಿಯಾಗ, “ನೀನೇ ಹೇಳವ್ವಾ, ಯಾರಂಗ ಕಾಣತಾರ?” ಅಂದ.

ಆಕಿ ನನ್ನ ಭಾಳ ಹೊತ್ತು ನೋಡಿದಳು. “ಮಾಣೂಸ ಚಾಂಗ್ಲಾ ದಿಸತೋ, ಪಣ ಖೋಟಂ ಬೋಲಣಾರಾ” ಅಂದಳು. ಮನುಷ್ಯಾ ಛಲೋ ಕಾಣತಾನ, ಆದ್ರ ಸುಳ್ಳು ಹೇಳಾವ.

ವಾರ್ಡಿನ ನರ್ಸು ಸೈತ ನಕ್ಕಳು. ನಾ ಎಲ್ಲಾರಿಗಿಂತ ಜೋರು ನಕ್ಕೆ. ಆಮ್ಯಾಲೆ ಹೊರಗಿನ ನಳಕ್ಕ ಹೋಗಿ ಮಾರಿ ತೊಳಕೊಂಡು ಬಂದೆ.

ಆಮ್ಯಾಲೆ ಎರಡು ತಿಂಗಳು ಇದ್ದಳು. ದಿನಾ ಮುಂಜಾನಿ ನೀ ಯಾರು ಅಂತ ಕೇಳಾಕಿ. ನನ್ನ ಮರಾಠಿ ಪ್ಯಾಟಿ ಮರಾಠಿ. ಎತ್ತಿನ ವ್ಯಾಪಾರಕ್ಕ ಸಾಕು, ಬಸ್ಸಿನ್ಯಾಗ ಜಾಗಾ ಹಿಡಿಯಾಕ ಸಾಕು. ಸಾಯೋ ಹೆಂಡತಿ ಜೋಡಿ ಮಾತಾಡಾಕ ಅದು ಸಾಲಲಿಲ್ಲ. ಅದಕ್ಕ ನನಗ ಬರೋದು ನಾ ಮಾಡಿದೆ. ಒಂದಿನ ಫೌಜದಾರ ಅಂದೆ. ಒಂದಿನ ಸಾಂಗಲಿ ರಾಜಾನ ಮಗ, ಆನಿ ಹೊರಗ ಕಟ್ಟಿ ಬಂದೀನಿ ಅಂದೆ. ಆಕಿ ಯಾವುದನ್ನೂ ನಂಬಲಿಲ್ಲ, ಆದ್ರ ಹೌದೌದು ಅಂತ ಮರ್ಯಾದಿ ಇಟ್ಟು ಕೇಳತಿದ್ದಳು.

ಒಂದಿನ ತಡಿಲಾರದ ಖರೇನೇ ಹೇಳಿದೆ, ನಾ ನಿನ್ನ ಗಂಡ ಅಂತ.

ಅದಕ್ಕ ಮಾತ್ರ ಆಕಿ ಹೊಟ್ಟಿ ಹಿಡಕೊಂಡು ನಕ್ಕಳು. ಇಂಥಾ ಸುಳ್ಳು ಹುಟ್ಟಿದಾಗಿಂದ ಕೇಳಿಲ್ಲ ಅಂದಳು.

ಮನಿ ನೋಡಾಕ ಹೋದಂಗ

ದಿನಕರ್ಮ ಎಲ್ಲಾ ಮುಗಿದ ಮ್ಯಾಲೆ ಮೊಮ್ಮಗಳು ನನ್ನ ಬಾಜೂಕ ಬಂದು ಕುಂತಳು.

“ಅಜ್ಜಾ, ಅಜ್ಜಿ ಕನ್ನಡ ಐವತ್ತು ವರ್ಷ ನಿಂತಿತು. ನಂದು ಪುಸ್ತಕದ ಚೀನೀ. ಪ್ಯಾಪರ್ ಓದತೀನಿ, ಪತ್ರಾ ಬರೀತೀನಿ. ಆದ್ರ ಯಾರರೆ ಸಿಟ್ಟಿಗೆದ್ದು ನಾಕು ಮಾತು ಅಂದ್ರ ಬಾಯಿ ತಕ್ಕೊಂಡು ನಿಂದರತೀನಿ. ಇದು ಒಂದು ಜ್ವರಕ್ಕ ಹೋಗೋ ಭಾಷಾ. ನನಗ ಒಳಗಿಂದು ಬೇಕು.”

ಮೂರು ಕೋರ್ಸು ಆಕಿನ್ನ ಕರೆದಿದ್ದವು. ಒಂದು ದಿಲ್ಲಿಯಾಗ, ಎರಡು ವರ್ಷದ ಎಂ.ಎ. ಇನ್ನೊಂದು ಚೀನಾದ ದೊಡ್ಡ ಶಹರದಾಗಿನ ಹೆಸರುವಾಸಿ ಯುನಿವರ್ಸಿಟಿ. ಮೂರನೇದು ಚೀನಾದ ದಕ್ಷಿಣ ಕಡೆ ಒಂದು ಸಣ್ಣ ಊರಿನ ಯುನಿವರ್ಸಿಟಿ, ಅದರ ಹೆಸರು ಪುಣೇದಾಗ ಯಾರಿಗೂ ಗೊತ್ತಿರಲಿಲ್ಲ. ಒಂದೇ ವರ್ಷದ ಕೋರ್ಸು. ವರ್ಗದಾಗ ಮೂರೇ ಮಂದಿ, ದಿನಕ್ಕೊಂದು ತಾಸು ಒಬ್ಬ ಮಾಸ್ತರಗ ಒಬ್ಬಾಕೇ ವಿದ್ಯಾರ್ಥಿ, ಇರೋದು ಹಾಸ್ಟೆಲಿನ್ಯಾಗ ಅಲ್ಲ, ಊರಾಗಿನ ಒಂದು ಮನಿಯಾಗ.

ನಿಪ್ಪಾಣಿಯಿಂದ ನಮ್ಮ ಬೀಗರು ಬಂದರು, ಹುಡುಗಿ ತಾಯಿಯ ತಂದಿ. ತಂಬಾಕದ ವ್ಯಾಪಾರಿ, ಕಲಿತ ಮನುಷ್ಯಾ. “ದಿಲ್ಲಿ ಛಲೋ ರಿ” ಅಂದರು. “ರೈಲು ಹತ್ತಿದ್ರ ಹೋಗಿ ನೋಡಿ ಬರಬಹುದು.”

“ನೋಡದ ಹ್ಯಾಂಗ ಹೇಳತೀರಿ ಬೀಗರ?” ಅಂದೆ. “ಹೆಣ್ಣು ಕೊಡೋ ಮುಂದ ಮನಿ ನೋಡಾಕ ಹೋಗತೀವಿಲ್ಲೋ? ನೀರು ಹ್ಯಾಂಗ, ದನ ಎಷ್ಟು, ಅತ್ತಿ ಎಂಥಾಕಿ ಅಂತ. ಇದಕ್ಕೂ ನೋಡೋಣು.”

ಮೊಮ್ಮಗಳು ಬ್ಯಾಡ ಅಜ್ಜಾ ಬ್ಯಾಡ ಅಂದರೂ ಮೂರೂ ಕಡೆ ವಿಡಿಯೋ ಫೋನು ಹಚ್ಚಿಸಿದೆ. ರುಮಾಲು ಸುತ್ತಿಕೊಂಡು, ಚಾಪಿ ಹಾಸಿ, ಫೋನಿನ ಮುಂದ ಒಂದು ಕಪ್ಪು ಚಹಾ, ಒಂದು ಬಶಿ ಚುರಮರಿ ಇಟ್ಟೆ. ಬಂದ ಮಂದಿನ್ನ ಬರೇ ಬಾಯಿಲೆ ಕುಂಡರಸಾಕ ಆಗತೈತೇನು?

ದಿಲ್ಲಿ ಮಾಸ್ತರು ಭಾಳ ಸಜ್ಜನ. “ವರ್ಗದಾಗ ಎಷ್ಟು ಮಂದಿ ಇರತಾರ ಕೇಳು” ಅಂದೆ. ನಲವತ್ತಂತ. “ಪಾಠ ಯಾವ ಭಾಷಾದಾಗ?” ಇಂಗ್ಲಿಷು, ನಡುನಡುವ ಹಿಂದಿ, ಬೇಕಾದಲ್ಲಿ ಚೀನೀ ಅಂತ. ನಾ ಚಹಾ ಕುಡಿದೆ. ಮನಿ ಒಪ್ಪಿಗಿ ಆಗದಿದ್ರ ನಾವು ಚಹಾ ಕುಡಿದು ಏಳತೀವಿ, ಮಾತು ಬೆಳಸಂಗಿಲ್ಲ.

ದೊಡ್ಡ ಶಹರದ ಸಾಹೇಬ ಕಟ್ಟಡ ತೋರಿಸಿದ, ಗ್ರಂಥಾಲಯ ತೋರಿಸಿದ. “ನಿಮ್ಮ ಹುಡುಗಿಗೆ ಮನಿ ನೆನಪೇ ಆಗಂಗಿಲ್ಲ, ಭಾರತದ ಹುಡುಗರು ಭಾಳ ಅದಾರ, ಭಾರತದ ಊಟದ ಮೆಸ್ಸೂ ಐತಿ, ದೀಪಾವಳಿ ಸೈತ ಮಾಡತಾರ” ಅಂದ.

ಬೀಗರು ತೊಡಿ ತಟ್ಟಿದರು. “ಇದೇ ಪಕ್ಕಾ ಮಾಡ್ರಿ.”

“ಹಂಗಾರ ಚೀನಾಕ್ಕ ಯಾಕ್ರಿ, ನಿಪ್ಪಾಣಿಗೇ ಕರಕೊಂಡು ಹೋಗ್ರಿ” ಅಂದೆ.

ಮೂರನೇದು ಸಣ್ಣ ಊರು. ಮಾಸ್ತರಬಾಯಿ ಮಾತಾಡಿದಳು, ಆಕಿ ಬಾಜೂಕ ಹುಡುಗಿ ಇರಬೇಕಾದ ಮನಿಯ ಯಜಮಾನಿ. ಅರವತ್ತರ ಹೆಂಗಸು. ತೊಡಿ ಮ್ಯಾಲೆ ಬುಟ್ಟಿ ಇಟ್ಟುಕೊಂಡು ಸೊಪ್ಪು ಸೋಸಾಕತ್ತಿದ್ದಳು. ನಮ್ಮ ಕಡೆ ಕಣ್ಣೆತ್ತಿ ಸೈತ ನೋಡಲಿಲ್ಲ.

“ತಪ್ಪು ಮಾಡಿದ್ರ ಬೈತೀರಿಲ್ಲೋ ಕೇಳು” ಅಂದೆ.

ಮೊಮ್ಮಗಳು ನಾಚಿಕೋತ ಕೇಳಿದಳು. ಮಾಸ್ತರಬಾಯಿ ಗಾಬರಿ ಆಗಿ ಕೈ ಅಲ್ಲಾಡಿಸಿದಳು, ನಾವು ವಿದ್ಯಾರ್ಥಿಗಳಿಗೆ ಬೈಯೋದೇ ಇಲ್ಲ ಅಂತ.

“ಆಕಿನ್ನ ಬಿಡು, ಮನಿಯಾಕಿನ್ನ ಕೇಳು.”

ಮೊಮ್ಮಗಳು ಒಂದೊಂದೇ ಮಾತು ಹುಡುಕಿ ಹುಡುಕಿ ಕೇಳಿದಳು. ಆ ಹೆಂಗಸು ಅರ್ಧಕ್ಕ ತಲಿ ಎತ್ತಿ ಏನೋ ಪಟಪಟ ಅಂದು ಮತ್ತ ಸೊಪ್ಪಿಗೆ ತಿರುಗಿದಳು. ಹುಡುಗಿ ಮಾರಿ ಕೆಂಪಾತು.

“ಏನಂತ?”

“ನೀ ಮಾತು ಮುಗಸೂದ್ರಾಗ ನನ್ನ ಸೊಪ್ಪು ಬಾಡತೈತಿ, ಮಾತಾಡಾಕ ಬರತಿದ್ರ ಆಡು, ಇಲ್ಲಾಂದ್ರ ಇಲ್ಲಿ ಬಂದು ಸೊಪ್ಪರೆ ಸೋಸು ಅಂತ, ಅಜ್ಜಾ.”

ನಾ ಎದ್ದು ನಿಂತು ಎರಡೂ ಕೈ ಮುಗಿದೆ. ಹಂಗ ಸೊಪ್ಪು ಸೋಸಾಕಿ, ಹಂಗ ಬೈಯಾಕಿ ನಮ್ಮವ್ವ ಹೋಗಿ ಎಷ್ಟು ವರ್ಷ ಆಗಿತ್ತು. ಸೊಸಿನ್ನ ಕೂಗಿ ಕುಂಕುಮದ ಬಟ್ಟಲಾ, ತೆಂಗಿನಕಾಯಿ ತರಿಸಿದೆ. ಮನಿ ಪಕ್ಕಾ ಆದ ಮ್ಯಾಲೆ ಯಜಮಾನಿಗೆ ಕುಂಕುಮ ಹಚ್ಚದ ಬಿಡತಾರೇನು? ಬೀಗರು ಕೈ ಹಿಡಿಯೂದ್ರಾಗ ಹಚ್ಚಿಬಿಟ್ಟೆ.

ನಾ ಹಚ್ಚಿದ್ದು ಆಕಿ ಹಣಿಗೆ, ಹತ್ತಿದ್ದು ಫೋನಿನ ಕ್ಯಾಮರಾಕ್ಕ. ಮುಂದ ಎರಡು ದಿನ ಮೊಮ್ಮಗಳು ಯಾರಿಗೆ ವಿಡಿಯೋ ಫೋನು ಮಾಡಿದರೂ ಅವರಿಗೆ ಸಂಜೀ ಸೂರ್ಯಾ ಮುಳುಗಿದಂಗ ಕಾಣತಿದ್ದಳು.

ಹನ್ನೆರಡು ಲಿಂಗ, ಹನ್ನೆರಡು ತಿಂಗಳು

ಎಲ್ಲಾ ಪಕ್ಕಾ ಆತು ಅಂದುಕೊಂಡೆ. ಫಾರ್ಮ್ ತುಂಬೋ ಕಡೀ ದಿನ ಬಂತು, ಹುಡುಗಿ ಲ್ಯಾಪ್‌ಟಾಪ್ ಮುಂದ ಸುಮ್ಮನ ಕುಂತಿದ್ದಳು.

“ಅಜ್ಜಾ, ನಾ ದಿಲ್ಲಿಗೇ ಹೋಗತೀನಿ.”

“ಯಾಕಬೇ?”

ಆಕಿ ಒಂದು ಕಾಗದ ಓದಿ ಹೇಳಿದಳು. ಆ ಸಣ್ಣ ಊರಿನ ಕೋರ್ಸಿನ್ಯಾಗ ಸಹಿ ಮಾಡಿ ಮಾತು ಕೊಡಬೇಕು. ಒಂದು ವರ್ಷ ಚೀನೀ ಬಿಟ್ಟು ಬ್ಯಾರೆ ಭಾಷಾ ಆಡಂಗಿಲ್ಲ, ಓದಂಗಿಲ್ಲ. ಮನಿಗೆ ಫೋನು ರವಿವಾರಕ್ಕೊಮ್ಮೆ, ಹತ್ತು ನಿಮಿಷ, ಕನ್ನಡಾನೂ ಅಷ್ಟೇ ಹೊತ್ತು.

“ಅದಕ್ಕೇನಾತು? ನಮ್ಮವ್ವನೂ ಹಿಂಗೇ ಮಾಡಿದ್ದಳು.”

“ಅದಕ್ಕಲ್ಲ ಅಜ್ಜಾ. ನೀ ಏನು ಮಾಡತಿ?” ಅಂದಳು. “ಅಪ್ಪಾ ಶೆಡ್ಡಿನ್ಯಾಗ, ಅವ್ವಗ ಮೈತುಂಬಾ ಕೆಲಸ. ಅಜ್ಜಿ ಹೋದಾಗಿಂದ ದಿನಾ ಸಂಜಿಕ ನನಗ ಒಂದು ತಾಸು ಫೋನು ಮಾಡಿ ಸುಳ್ಳು ಹೇಳತಿ. ಹೇಳದಿದ್ರ ನಿನಗ ಅನ್ನ ಇಳಿಯಂಗಿಲ್ಲ, ನನಗ ಗೊತ್ತಿಲ್ಲೇನು?”

ದಿಲ್ಲಿ ಅಂದ್ರ ದಿನಾ ಸಂಜಿಕ ಆಕಿ ಧ್ವನಿ. ಹೂಂ ಅಂದ್ರ ಮುಗೀತಿತ್ತು. ಹೂಂ ಅನ್ನೋದು ನಾಲಿಗಿ ತುದಿಗೆ ಬಂದಿತ್ತು. ಆಕಿ ಅಜ್ಜಿ ದವಾಖಾನಿಯಾಗ ನನ್ನ ಮಾರಿ ನೋಡಿ ಯಾರು ಅಂತ ಕೇಳಿದ್ದು, ಒಂದು ಜ್ವರಕ್ಕ ಹೋಗದ ಭಾಷಾ ಬೇಕು ಅಂತ ಈಕಿ ಅಂದದ್ದು, ಎರಡೂ ನೆನಪಾದವು.

“ನೀ ದಿಲ್ಲಿಗೆ ಹೋದ್ರೂ ನಾ ಫೋನಿಗೆ ಸಿಗಂಗಿಲ್ಲಬೇ” ಅಂದೆ. “ನಾ ಊರಾಗೇ ಇರಂಗಿಲ್ಲ. ಹನ್ನೆರಡು ಜ್ಯೋತಿರ್ಲಿಂಗ ಯಾತ್ರೆಗೆ ಹೊಂಟೀನಿ. ತೆಲಸಂಗ ಊರಿನ ಮಂದಿ ಜೋಡಿ, ಕೊಕಟನೂರಿಂದ ಬಸ್ಸು.”

“ಎಷ್ಟು ದಿನ?”

“ಒಂದು ವರ್ಷ.”

“ಹನ್ನೆರಡು ಗುಡಿಗೆ ಒಂದು ವರ್ಷ ಯಾಕ ಬೇಕು ಅಜ್ಜಾ?”

“ಹನ್ನೆರಡು ಲಿಂಗ, ಹನ್ನೆರಡು ತಿಂಗಳು. ಲಿಂಗಕ್ಕೊಂದು ತಿಂಗಳು ಸೇವಾ ಮಾಡೋ ವ್ರತ. ಫೋನು ಬಂದ್ ಇಡಬೇಕು. ರವಿವಾರ ಹತ್ತು ನಿಮಿಷ ಬಿಡತಾರ.”

ಇಂಥಾ ಜೋಡಿ ಎಲ್ಲಿ ಸಿಗತೈತಿ ಹೇಳ್ರಿ, ಆಕಿ ವ್ರತಕ್ಕ ನನ್ನ ವ್ರತ ತಂದು ಕೂಡಿಸಿದೆ. ಆಕಿ ನನ್ನ ಭಾಳ ಹೊತ್ತು ನೋಡಿದಳು. ಆಮ್ಯಾಲೆ ಸಣ್ಣ ಊರಿನ ಫಾರ್ಮಿನ ಬಟನ್ ಒತ್ತಿದಳು.

ಶ್ರಾವಣ ಮುಗಿಸಿ ಹೋದಳು. ಮಿರಜ ಸ್ಟೇಶನ್ನಿಗೆ ಎಲ್ಲಾರೂ ಕಳಿಸಾಕ ಹೋದರು, ನಾ ಹೋಗಲಿಲ್ಲ. ಯಾತ್ರೆಗೆ ಗಂಟು ಕಟ್ಟಾಕತ್ತೀನಿ ಅಂತ ಹೇಳಿ ಒಳಗ ಕುಂತೆ. ಖರೇನೇ ಒಂದು ಗಂಟು ಕಟ್ಟಿದೆ. ಗಾಡಿ ಹೋದ ಮ್ಯಾಲೆ ಬಿಚ್ಚಿದೆ.

ಈಗ ತ್ರಾಸ ಶುರು ಆತು. ರವಿವಾರ ಆಕಿ ಫೋನು ಮಾಡತಾಳ, ನಾ ಸೋಮನಾಥದಾಗ ಇರಬೇಕು. ಮನಿಯಾಗಿದ್ರ ಎಮ್ಮಿ ಒದರತೈತಿ, ಸೊಸಿ ಮಿಕ್ಸರ್ ಹಚ್ಚತಾಳ. ಅದಕ್ಕ ರವಿವಾರ ಮುಂಜಾನಿ ಬಸ್ಸು ಹತ್ತಿ ಯಡೂರಿಗೆ ಹೋಗಾಕ ಚಾಲೂ ಮಾಡಿದೆ. ವೀರಭದ್ರನ ಗುಡಿ ಐತಿ, ಗಂಟಿ ಐತಿ, ಬಾಜೂಕ ಕೃಷ್ಣಾ ಹೊಳಿ. ಒಂದು ಯಾತ್ರೆಗೆ ಇನ್ನೇನು ಬೇಕು? ಸೋಮನಾಥದ ತಿಂಗಳು ಹೊಳಿ ದಂಡಿಗೆ ನಿಂತು ಫೋನಿಗೆ ಉಫ್ ಉಫ್ ಅಂತ ಊದಿ ಸಮುದ್ರ ಮಾಡಿದೆ. ಕೇದಾರನಾಥದ ತಿಂಗಳು ಚಿಕ್ಕೋಡಿ ಬಿಸಿಲಾಗ ನಿಂತು ಹಲ್ಲು ಕಡಕಡ ಮಾಡಿದೆ. ಗುಡಿ ಮುಂದಿನ ಕಾಯಿ ಮಾರಾಕಿ ನನ್ನ ನೋಡಿ ನೋಡಿ ತಾನೂ ಕೂಡಿಕೊಂಡಳು. “ಯಜ್ಜಾ, ಇವತ್ತ ಯಾವ ಊರು?” ಅಂತ ಕೇಳಾಕಿ. ಉಜ್ಜಯಿನಿ ಅಂದ್ರ ಗಂಟಿ ಹೊಡೆದು “ಪ್ರಸಾದ ಲೇಲೋ ಭಾಯಿ” ಅಂತ ಹಿಂದಿಯಾಗ ಕೂಗಾಕಿ.

ಆ ಹತ್ತು ನಿಮಿಷದಾಗ ಮೊಮ್ಮಗಳು ಬ್ಯಾರೆ ಆಗಾಕತ್ತಿದ್ದು ನನಗ ಕೇಳತಿತ್ತು. ಮೊದಲಿನ ತಿಂಗಳು ಅತ್ತಳು. ಎರಡನೇ ತಿಂಗಳು, “ಈ ವಾರ ಮನಿಯಾಕಿ ಜೋಡಿ ಜಗಳಾಡಿದೆ ಅಜ್ಜಾ, ಪಾತ್ರಿ ತೊಳಿಯೋ ಸಲುವಾಗಿ, ಗೆದ್ದೆ” ಅಂದಳು. ನಾ ಹೊಳಿ ದಂಡಿ ಮ್ಯಾಲೆ ಕುಂತು ನಕ್ಕೆ. ಮೂರನೇ ತಿಂಗಳು ಕನ್ನಡದಾಗ ಏನೋ ಹೇಳಾಕ ಹೋಗಿ ನಡುವ ನಿಂತಳು. ಮಾತು ಸಿಗಲಿಲ್ಲ. “ತಡಿ ಅಜ್ಜಾ, ನಾಲಿಗಿ ಮ್ಯಾಲೆ ಐತಿ” ಅಂತ ಹುಡುಕಿದಳು. ಹುಡುಕೂದ್ರಾಗ ಹತ್ತು ನಿಮಿಷ ಮುಗೀತು. ಕೋರ್ಸು ಛಲೋ ನಡದೈತಿ ಅಂತ ನನಗ ಗೊತ್ತಾತು. ಆವತ್ತ ಮಧ್ಯಾಹ್ನ ನನಗ ಊಟ ಹೋಗಲಿಲ್ಲ.

ಹೋದ ರವಿವಾರ ಕಾಶಿ. ಕಾಯಿ ಮಾರಾಕಿ ಗಂಟಿ ಹೊಡೆದಳು. ನಾ ಶುರು ಮಾಡಿದೆ, “ಗಂಗಾ ತುಂಬಿ ಹರಿಯಾಕತ್ತಾಳ ಯವ್ವಾ. ಏನು ಮಂದಿ, ಏನು ಮಂದಿ. ನಿನ್ನಿ ಒಬ್ಬ ಸಾಧು ನನ್ನ ಕೈ ನೋಡಿ ಇನ್ನೂ ಇಪ್ಪತ್ತು ವರ್ಷ ಐತಿ ಅಂದ, ನೀ ಬರೂತನಕ ನಾ ಎಲ್ಲೂ ಹೋಗಂಗಿಲ್ಲ.”

ನನ್ನ ಬೆನ್ನ ಹಿಂದ ಬಸ್ಸು ಬಂದು ನಿಂತದ್ದು ನಾ ನೋಡಲಿಲ್ಲ. ಕಂಡಕ್ಟರ್ ಬಾಗಲಕ್ಕ ಜೋತು ಬಿದ್ದು ಗಂಟಲು ಹರಕೊಂಡ, “ಅಂಕಲಿ ಚಿಕ್ಕೋಡಿ, ಚಿಕ್ಕೋಡಿ ಚಿಕ್ಕೋಡಿ, ಯಾರ್ರಿ ಚಿಕ್ಕೋಡಿ.”

ಫೋನಿಗೆ ಕೈ ಮುಚ್ಚಿದೆ, ತಡ ಆಗಿತ್ತು.

“ಅಜ್ಜಾ.”

“ಏನವಾ?”

“ಕಾಶಿಗೆ ಚಿಕ್ಕೋಡಿ ಬಸ್ಸು ಬರತೈತೇನು?”

ಕಾಯಿ ಮಾರಾಕಿ ಕಡೆ ನೋಡಿದೆ. ಆಕಿ ಗಂಟಿ ಹಗ್ಗಾ ಹಿಡಕೊಂಡು ಹೊಳಿ ನೋಡಾಕತ್ತಿದ್ದಳು.

“ರವಿವಾರಕ್ಕೊಮ್ಮೆ” ಅಂದೆ.

“ಕೇದಾರನಾಥಕ್ಕೂ ಬಂದಿತ್ತಲ್ಲ ಅಜ್ಜಾ, ಬರೋಬ್ಬರಿ ಇದೇ ಹೊತ್ತಿಗೆ” ಅಂದಳು.

ನಾ ಹೆಗಲು ಹಾರಿಸಿದೆ. ಫೋನಿನ್ಯಾಗ ಅದು ಆಕಿಗೆ ಕಾಣಂಗಿಲ್ಲ ಅಂತ ಆಮ್ಯಾಲೆ ಹೊಳೀತು, ಅದಕ್ಕ ಇನ್ನೊಮ್ಮೆ ಹಾರಿಸಿದೆ.